ಸರ್ವರ್‌ಗೆ ಮೆಮೊರಿ ಸಾಲದಾದಾಗ

ಮಿತ್ರರೇ, ಜಾಲಹಳ್ಳಿಯ ನಮ್ಮ ಬಡಾವಣೆಯ ಕನ್ನಡ ಸಂಘದ ಜಾಲತಾಣ ಇಂದು ಸಂಜೆಯ ಸಭೆಗೆ ಸಿದ್ಧವಾಗಲೇಬೇಕಿತ್ತು. ಇಲ್ಲವಾದರೆ ಯೋಜನೆಯನ್ನೇ ಕೈಬಿಡುವುದಾಗಿ ಅಧ್ಯಕ್ಷರು ಹೇಳಿದ್ದರು. ಆದರೆ ಸರ್ವರಿನಲ್ಲಿ ತಂತ್ರಾಂಶದ ಸ್ಥಾಪನೆ ಪ್ರತಿ ಬಾರಿಯೂ ಅರ್ಧಕ್ಕೇ ನಿಲ್ಲುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿ, ಈಗ ವೈಟ್‌ಫೀಲ್ಡಿನಲ್ಲಿ ಎಂಜಿನಿಯರ್ ಆಗಿರುವ ಮಂಜುನಾಥ, ಕಂಪ್ಯೂಟರಿಗೆ ಅದೇ ಆದೇಶವನ್ನು ಮತ್ತೆ ಮತ್ತೆ ಕೊಡುತ್ತಿದ್ದ.

"ಈ ಸರ್ವರ್ ಡಬ್ಬಾ ಸಾರ್. ದೊಡ್ಡದು ತಗೊಂಬಿಡಿ."

"ಪರದೆ ಮೇಲೆ ಏನಿದೆ, ಓದಿದೆಯೇನೋ?"

"ಅದನ್ನೆಲ್ಲ ಯಾರ್ ಓದ್ತಾರೆ ಸಾರ್!"

ನಾನು ಓದಿದೆ. ಮೆಮೊರಿ ಸಾಲದೆ ಕೆಲಸ ನಿಂತಿದೆಯೆಂದು ಕೊನೆಯಲ್ಲಿ ಸ್ಪಷ್ಟವಾಗಿತ್ತು. ತಂತ್ರಾಂಶದ ಕೈಪಿಡಿಯಲ್ಲಿ ಪರಿಹಾರವೂ ಇತ್ತು: ಡಿಸ್ಕಿನ ಖಾಲಿ ಜಾಗದ ಒಂದು ಪಾಲನ್ನು ಮೆಮೊರಿಯ ನೆರವಿಗೆ ಬಿಟ್ಟುಕೊಡುವುದು. ಅದನ್ನು ಸ್ವ್ಯಾಪ್ ಎನ್ನುತ್ತಾರೆ. ಅಲ್ಲಿದ್ದ ಆದೇಶಗಳನ್ನು ನಾನೇ ಟೈಪು ಮಾಡಿದೆ. ಸ್ಥಾಪನೆ ನಿಧಾನವಾಗಿಯಾದರೂ ಪೂರ್ಣಗೊಂಡಿತು.

ಸಂಜೆ ಜಾಲತಾಣ ತೆರೆದುಕೊಂಡಾಗ ಸಭೆ ಚಪ್ಪಾಳೆ ತಟ್ಟಿತು. ನನಗೆ ಹೆಮ್ಮೆಯೆನಿಸಿತು, ಅದನ್ನು ಮರೆಮಾಚುವ ಅಗತ್ಯ ಕಾಣಲಿಲ್ಲ.

ಪಕ್ಕದಲ್ಲಿದ್ದ ಮಂಜುನಾಥ, "ಸಾರ್, ನಮ್ ಆಫೀಸ್‌ಗೆ ಬಂದ್ಬಿಡಿ" ಎಂದ.

"ಬರ್ತೀನಿ. ಮತ್ತೆ ನನ್ನ ಕೈಕೆಳಗೆ ಕೂರೋ ಧೈರ್ಯ ಇದೆಯೇನಪ್ಪಾ?" ಎಂದೆ.

ಕಾಫಿ ತರುತ್ತೇನೆಂದು ಎದ್ದು ಹೋದವನು ಇನ್ನೂ ಬಂದಿಲ್ಲ.