ಎಂಟನೇ ಸಾಲಿನ ಹುಲಿ

ಗುಂಡ್ಲುಪೇಟೆಯಾಚೆಯ ಕಾಡಂಚಿನಲ್ಲಿ ನನಗೆ ಕೆಲಸ ಕಲಿಸಿದವರು ಒಬ್ಬ ಹಿರಿಯ ಅರಣ್ಯ ವಾಚರ್. ಆನೆಯೋ ಹುಲಿಯೋ ಹೊಲಕ್ಕಿಳಿದರೆ ಊರವರ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಬೇಕಿತ್ತು. ಅವರು ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡು, ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದರು. ಮೊದಲು ಜಾಗ, ಆಮೇಲೆ ಪ್ರಾಣಿ, ಆಮೇಲೆ ಏನು ಮಾಡಬೇಕೆಂಬುದು. ಉಳಿದದ್ದೆಲ್ಲ ಕೆಳಗೆ. "ಓದೋರು ಹೊಲ್ದಲ್ಲವ್ರೆ ಕಣ್ಲಾ, ಕುರ್ಚಿ ಮ್ಯಾಲಲ್ಲ" ಎನ್ನುತ್ತಿದ್ದರು. ಡಿಗ್ರಿ ಓದಿದ ನನಗೆ ಆ ಬರಹ ಒರಟೆನಿಸುತ್ತಿತ್ತು.

ಒಂದು ಬೆಳಿಗ್ಗೆ, ಕೆರೆ ಹಿಂದಿನ ಅರಿಶಿನದ ಹೊಲದ ಹತ್ತಿರ ಹುಲಿ ಕಂಡಿತೆಂದು ಫೋನ್ ಬಂತು. "ಬರ್ದು ಹಾಕ್ಬುಡ್ಲಾ" ಎಂದು ಅವರು ಜೀಪಿನತ್ತ ಓಡಿದರು. ನಾನು "ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂದು ಶುರುಮಾಡಿದೆ. ಹುಲಿ ಎಂಟನೇ ಸಾಲಿಗೆ ಬಂತು.

ಅದನ್ನು ಗುಂಪಿಗೆ ಹಾಕಿ ನಾನೂ ಜೀಪು ಹತ್ತಿದೆ. ಜೀಪು ಹೊರಟ ಮೇಲೆ ಅದನ್ನು ಓದಿದ ಅವರು ತಕ್ಷಣ ಹೆಂಡತಿಗೆ ಫೋನ್ ಹಚ್ಚಿದರು. ಆಕೆ ಅದೇ ಹೊಲಕ್ಕೆ ಕಳೆ ಕೀಳಲು ಹೋಗಿದ್ದರು. ಅಲ್ಲಿನ ಸಿಗ್ನಲ್ಲಿಗೆ ಕರೆ ಹೋಗಲಿಲ್ಲ, ಮೆಸೇಜಷ್ಟೇ ಹೋಗುತ್ತಿತ್ತು. "ಕೆರೆ ಹಿಂದಿನ ಹೊಲ. ಹುಲಿ. ಈಗಲೇ ಮನೆಗೆ ಹೋಗಿ" ಎಂದು ಅವರೇ ಬರೆದು ಹಾಕಿದರು. ದಾರಿಯುದ್ದಕ್ಕೂ ನನ್ನತ್ತ ನೋಡಲಿಲ್ಲ.

ಆಕೆ ಊರ ಮುಂದೆಯೇ ಎದುರಾದರು, ಬರಿಗಾಲಲ್ಲಿ, ಏದುಸಿರು ಬಿಡುತ್ತಾ.

"ಮೊದ್ಲು ಒಂದು ಮೆಸೇಜು ಬಂತು. ಯಾವ್ದೋ ಮೀಟಿಂಗ್ ಇರ್ಬೇಕು ಅನ್ಕಂಡು ಕಳೆ ಕೀಳ್ತಾನೇ ಇದ್ದೆ" ಎಂದರು. "ಎರಡ್ನೇದು ಓದಿ ತಲೆ ಎತ್ತಿದ್ರೆ, ಪಕ್ಕದ ಸಾಲಲ್ಲಿ ಅರಿಶಿನದ ಎಲೆ ಅಲ್ಲಾಡ್ತಿತ್ತು. ಗಾಳಿನೇ ಇರ್ನಿಲ್ಲ."