ಮೂರನೆಯ ಸಲ ಕೇಳುವುದು

ತೆಲುಗು ಗಡಿಯ ಪರಿಗಿ ಕಡೆಯ ನಮ್ಮೂರಲ್ಲಿ ಮುನಿಯಕ್ಕನಷ್ಟು ಹಟಮಾರಿ ಹೆಂಗಸು ಇನ್ನೊಬ್ಬಳಿಲ್ಲ. ಅವಳ ಹೊಲ ನನ್ನ ಹೊಲಕ್ಕೆ ಅಂಟಿಕೊಂಡಿದೆ, ಬದುವಿನ ವಿಷಯಕ್ಕೆ ನಾವಿಬ್ಬರೂ ಕಿತ್ತಾಡದ ವರ್ಷವಿಲ್ಲ. ಆ ಹೊಲದ ದಿಬ್ಬದ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಹೊದಿಸಿದ ಕಲ್ಲುಮನೆಯಿದೆ. ಕಟ್ಟಿದವರು ಯಾರೋ, ನಮ್ಮ ಯಾರ ಕುಲದವರೂ ಅಲ್ಲ. ಆಮೇಲೆ ಬಂದ ಕುರಿಯವರು ಮಳೆಗೆ ಅದರೊಳಗೆ ತೂರಿಕೊಂಡರು. ಪಾಳೇಗಾರರ ಕಾಲದಲ್ಲಿ ಯಾರೋ ಒಂದು ಚಪ್ಪಡಿಗೆ ಕತ್ತಿ ಹಿಡಿದ ವೀರನನ್ನು ಕೆತ್ತಿದರು, ಬ್ರಿಟಿಷರ ಸರ್ವೆಯವರು ಅವನ ಕಾಲಬುಡದಲ್ಲೇ ಅಳತೆಯ ಬಾಣದ ಗುರುತು ಹೊಡೆದರು. ಮುನಿಯಕ್ಕನ ಮನೆಯವರು ಬಂದದ್ದು ಎಲ್ಲರಿಗಿಂತ ಕೊನೆಗೆ.

ಅದಕ್ಕೇ ಅವಳ ಮನೆಯಲ್ಲೊಂದು ಪದ್ಧತಿ. ಬಿತ್ತುವ ಮುಂಚೆ ಒಂದು ಹಿಡಿ ಕಡಲೆಕಾಯಿ ಬೀಜ ಕಲ್ಲುಮನೆಯೊಳಗಿಟ್ಟು ಅಪ್ಪಣೆ ಕೇಳಬೇಕು. ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ. ಮೂರನೆಯ ಸಲ ಬಾಯಿ ಮುಚ್ಚಿ ನಿಲ್ಲಬೇಕು. ಅಲ್ಲಿದ್ದವರ ಮಾತು ಈ ಎರಡೂ ಅಲ್ಲದಿದ್ದರೆ ಅವರಿಗೂ ತಿಳಿಯಲಿ ಎಂದು. ನಾನಂತೂ ಇದನ್ನು ಆಡಿಕೊಂಡು ನಕ್ಕವನೇ.

ಹೋದ ವರ್ಷ ಅವಳ ಮಗ ನರೇಂದ್ರ ಕಲ್ಲುಮನೆ ಕೆಡವಿ ಆ ದಿಬ್ಬದ ಮೇಲೇ ರೇಷ್ಮೆಹುಳದ ಶೆಡ್ಡು ಹಾಕಲು ಹೊರಟ. ಗಾಳಿ ಆಡುವ ಜಾಗ ಅದೊಂದೇ ಎಂದು ಅವನ ವಾದ. ಜೆಸಿಬಿಯ ಸದ್ದು ಕೇಳಿ ನಾನು ಓಡಿಹೋದರೆ, ಮುನಿಯಕ್ಕ ಕಲ್ಲುಮನೆಯೊಳಗೆ ಮೊಣಕಾಲು ಮಡಚಿ ಕೂತುಬಿಟ್ಟಿದ್ದಳು. ಬಕೆಟ್ಟು ಅವಳ ತಲೆಯ ಮೇಲಿನ ಚಪ್ಪಡಿಗೆ ಗೇಣು ದೂರದಲ್ಲಿತ್ತು. ಗಾಡಿಯ ಡ್ರೈವರ್ ಆದೆಪ್ಪನಿಗೆ ಲಿವರ್ ಅಲುಗಿಸಲೂ ಭಯ, ಬೆವರಿಹೋಗಿದ್ದ. ಅದು ನಮ್ಮವರದ್ದಲ್ಲ, ನಮಗೂ ಅದಕ್ಕೂ ಏನು ಸಂಬಂಧ ಎಂದು ನರೇಂದ್ರ ಕೂಗಾಡುತ್ತಿದ್ದ.

"ನಮ್ಮೋರದ್ದಲ್ಲ ಅಂತ್ಲೇ ಕೇಳೋದು ಕಣಪ್ಪ," ಅಂದಳು ಮುನಿಯಕ್ಕ. "ನೀನೂ ಕೇಳು. ಕೇಳ್ಬುಟ್ಟು ಕೆಡವೋದಾದ್ರೆ ಕೆಡವು, ನಾನೇ ಎದ್ದು ಬತ್ತೀನಿ."

ಇಷ್ಟಕ್ಕೇ ಮುಗಿಯುತ್ತದಲ್ಲ ಎಂದುಕೊಂಡು ನರೇಂದ್ರ ಬಕೆಟ್ಟು ಹಿಂದಕ್ಕೆ ಎಳೆಸಿದ, ಇಂಜಿನ್ ಆಫ್ ಮಾಡಿಸಿದ. ಕನ್ನಡದಲ್ಲಿ ಕೇಳಿದ, ಸಿಟ್ಟಿನಲ್ಲೇ. ತೆಲುಗಿನಲ್ಲಿ ಕೇಳುವಾಗ ದನಿ ಸ್ವಲ್ಪ ಇಳಿಯಿತು. ಆಮೇಲೆ ಬಾಯಿ ಮುಚ್ಚಿ ನಿಂತ.

ಎಷ್ಟು ಹೊತ್ತು ನಿಲ್ಲಬೇಕೆಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಕೊಟ್ಟ ಮಾತಿನಂತೆ ಮುನಿಯಕ್ಕ ಹೊರಗೆ ಬಂದು, ಸೀರೆಯ ಮಣ್ಣು ಕೊಡವಿ, ನನ್ನ ಪಕ್ಕ ನಿಂತಳು. ಈಗ ಒಳಗೆ ಯಾರೂ ಇಲ್ಲ, ಕೆಡವಲು ಅಡ್ಡಿಯೂ ಇಲ್ಲ. ನರೇಂದ್ರ ನಿಂತೇ ಇದ್ದ. ಆಡಿಕೊಂಡು ನಗುತ್ತಿದ್ದ ನನಗೂ ಕೆಮ್ಮಲು ಧೈರ್ಯ ಬರಲಿಲ್ಲ.

ಕೊನೆಗೆ ನಮ್ಮತ್ತ ತಿರುಗದೆಯೇ ಅಂದ:

"ಶೆಡ್ಡು ಆ ಕಡೆ ತಗ್ಗಲ್ಲೇ ಹಾಕ್ಕೋತೀನಿ ಬುಡಮ್ಮ."