ಇಪ್ಪತ್ತು ಹೆಜ್ಜೆ ಆಚೆಯ ಗೂಡು

ಬೆಳಗಿನ ಆರು ಗಂಟೆ. ನೀರು ಸರಬರಾಜು ಕೇಂದ್ರದ ಹಿಂಬದಿಯಲ್ಲಿ, ತುಕ್ಕು ಹಿಡಿದ ಪೈಪುಗಳ ಮೇಲೆ ಐದು ಮಂದಿ ಹುಡುಗ ಹುಡುಗಿಯರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಇಪ್ಪತ್ತು ಹೆಜ್ಜೆ ಆಚೆ ಒಂದು ಪೊದೆ. ಅದರೊಳಗೆ ಪಿಕಳಾರ ಹಕ್ಕಿಯ ಗೂಡಿದೆ. ಅದನ್ನು ಇವರಲ್ಲಿ ಯಾರೂ ನೋಡಿಲ್ಲ. ನೋಡಲು ಇವರ ಮುಂದಾಳು ಬಿಡುವುದೂ ಇಲ್ಲ.

ಆಕೆಗೆ ಹತ್ತೊಂಬತ್ತು ವರ್ಷ. ಓರಗೆಯವರು ಕರೆಯುವುದು ದುರ್ಬೀನು ಎಂದು. ವಾರವಿಡೀ ಜೆರಾಕ್ಸ್ ಅಂಗಡಿಯಲ್ಲಿ ನಿಂತೇ ಕೆಲಸ. ಭಾನುವಾರವೂ ಒಂಬತ್ತಕ್ಕೆ ಹಾಜರಾಗಬೇಕು. ಅದಕ್ಕೆ ಮುಂಚಿನ ಮೂರು ಗಂಟೆ ಮಾತ್ರ ಅವಳದು. ಆ ಹೊತ್ತಿನಲ್ಲಿ, ಮೂರು ವರ್ಷದಿಂದ, ತನ್ನ ವಯಸ್ಸಿನವರಿಗೆ ಹಕ್ಕಿ ತೋರಿಸುತ್ತಿದ್ದಾಳೆ. ಇರುವುದು ಎರಡು ದುರ್ಬೀನು, ಒಂದರ ಬಲಗಣ್ಣಿನ ಗಾಜು ಒಡೆದಿದೆ. ವೇದಿಕೆ ಹತ್ತಿ ಪರಿಸರ ಪರಿಸರ ಎಂದು ಗಂಟಲು ಹರಿದುಕೊಳ್ಳುವ ದೊಡ್ಡ ಮನುಷ್ಯರು ಯಾರೂ ಇತ್ತ ಸುಳಿದಿಲ್ಲ. ಅವರಿಗೆ ಆರಕ್ಕೆ ಎಚ್ಚರವೇ ಆಗುವುದಿಲ್ಲ.

ಅವಳ ದುರ್ಬೀನಿನ ಪಟ್ಟಿಗೆ ಒಂದು ಗೇಣು ಬಿಳಿ ದಾರ ಸುತ್ತಿದೆ. ಹೊಸಬರು ಬಂದರೆ ಮೊದಲು ಆ ದಾರದ ಕಥೆ. ಪತ್ರಿಕೆಗೆ ಬರೆಯಲು ಹೋದ ನನಗೂ ಹೇಳಿದಳು.

ಹೋದ ವರ್ಷ ಇದೇ ಪೊದೆಯಲ್ಲಿ, ಸೊಂಟದೆತ್ತರಕ್ಕೆ ಗೂಡು, ಮೂರು ಮರಿ. ಆಗ ತಂಡದಲ್ಲಿ ಹದಿನಾಲ್ಕು ಮಂದಿ. "ಎಲೆ ಅಡ್ಡ ಬರ್ತಿತ್ತು ಸಾರ್. ನಂಗೆ ಕಾಣ್ಲಿಲ್ಲ, ನಂಗೆ ಕಾಣ್ಲಿಲ್ಲ ಅಂತ ಎಲ್ಲರದ್ದೂ ಗಲಾಟೆ. ಎರಡು ಕೊಂಬೆ ಪಕ್ಕಕ್ಕೆಳೆದು ದಾರದಲ್ಲಿ ಕಟ್ಟಿದೆ. ಹೋಗುವಾಗ ಬಿಚ್ಚಿದ್ರಾಯ್ತು ಅಂದ್ಕೊಂಡೆ. ಮರೆತೆ."

ಮಧ್ಯಾಹ್ನ ಜೆರಾಕ್ಸ್ ಯಂತ್ರದ ಮುಂದೆ ನೆನಪಾಯಿತು. ಅರ್ಧ ಗಂಟೆ ಬಿಡಿ ಎಂದು ಮಾಲೀಕನನ್ನು ಕೇಳಿದಳು. "ಹಕ್ಕಿಗೆ ಬಿಸಿಲು ತಾಗುತ್ತಂತೆ! ಮೊದಲು ನಿನ್ನ ತಲೆಗೆ ತಾಗಿರೋದು ನೋಡ್ಕೋ" ಎಂದು ಆತ ನಕ್ಕನಂತೆ. ಕೇಳಿದ ನನಗೇ ಮೈ ಉರಿಯಿತು. ಸಂಜೆ ಐದಕ್ಕೆ ಓಡಿ ಬಂದಾಗ ಮೂರೂ ಮರಿಗಳು ಬಿಸಿಲಿಗೆ ಬೆಂದು ಸತ್ತಿದ್ದವು.

"ತಾಯಿ ತಂತಿ ಮೇಲೆ ಕೂತಿತ್ತು. ಕೊಕ್ಕಲ್ಲಿ ಹುಳ ಹಾಗೇ ಇತ್ತು. ಯಾರಿಗೆ ಕೊಡುತ್ತೆ?"

ಕೇಂದ್ರದ ಕಾವಲುಗಾರ ತಾತ ಅಂದೇ ಉಪಾಯ ಹೇಳಿಕೊಟ್ಟರು: "ಕಾಗೆ ತಿಂತು ಅಂದ್ಬಿಡಮ್ಮ. ಕಾಗೆ ಬಂದು ಇಲ್ಲ ಅನ್ನುತ್ತಾ?" ಅವಳು ಅನ್ನಲಿಲ್ಲ. ಮುಂದಿನ ಭಾನುವಾರ ಹದಿನಾಲ್ಕು ಮಂದಿಯ ಎದುರು ನಿಂತು, ಕೊಂದದ್ದು ನಾನೇ ಎಂದಳು. ಮಾತು ಮನೆಮನೆ ತಲುಪಿತು. ಒಂಬತ್ತು ಮಂದಿ ಬರುವುದನ್ನೇ ಬಿಟ್ಟರು.

ಅವಳ ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವರು. "ನಿಜ ಹೇಳಿದ್ದು ಸರಿ ಕಣೇ. ವಾರವಾರ ಅದನ್ನೇ ಹೇಳ್ಕೊಂಡು ಕೊರಗ್ಬೇಕಾ? ಇರೋ ಐದು ಜನಾನೂ ಓಡ್ಸು, ಆಮೇಲೆ ನಾನೇ ಬರ್ತೀನಿ ನಿನ್ನ ಹಕ್ಕಿ ನೋಡೋಕೆ" ಎಂದು ಬೈಯುತ್ತಾರೆ.

ಐದು ವಾರದ ಹಿಂದೆ ಪಿಕಳಾರ ನಾರು ಕಚ್ಚಿಕೊಂಡು ಮತ್ತೆ ಇದೇ ಪೊದೆಗೆ ಬಂತು. ಅಂದಿನಿಂದ ಯಾರೂ ಈ ಪೈಪು ದಾಟುವಂತಿಲ್ಲ. ಹಕ್ಕಿ ಗಂಟೆಗೆ ಎಷ್ಟು ಸಲ ಪೊದೆಯೊಳಗೆ ಹೋಗುತ್ತದೆ ಎಂದು ದೂರದಿಂದ ಎಣಿಸುವುದಷ್ಟೇ ಕೆಲಸ. ಮೇಲಿಂದ ಮೇಲೆ ಹೋದರೆ ಮರಿಗಳು ಬದುಕಿವೆ ಎಂದರ್ಥ. ಹೋದ ವಾರ ಹನ್ನೊಂದು ಸಲ ಹೋಗಿತ್ತು.

ಈ ದಿನ ಆರೂವರೆ ಆಯಿತು. ಏಳಾಯಿತು. ಹಕ್ಕಿಯ ಸುಳಿವಿಲ್ಲ.

"ದುರ್ಬೀನಕ್ಕಾ, ಒಂದೇ ಒಂದ್ಸಲ ಇಣುಕಿ ಬರ್ಲಾ? ಉಸಿರೂ ಬಿಡಲ್ಲ," ಉದ್ದನೆಯ ಹುಡುಗನೊಬ್ಬ ಪಿಸುಗುಟ್ಟುತ್ತಾನೆ.

"ಕೂತ್ಕೊಳ್ಳೋ ಸುಮ್ನೆ."

"ಮರಿ ಸತ್ತಿದ್ರೆ?"

"ನೀನು ಇಣುಕಿದ್ರೆ ಎದ್ದು ಬರ್ತಾವಾ?"

ನನಗೂ ತಡೆಯಲಾಗಲಿಲ್ಲ. ಪತ್ರಿಕೆಗೆ ಒಂದು ಫೋಟೊ ಬೇಕಿತ್ತಮ್ಮ ಎಂದೆ. ಅವಳು ನೋಡಿದ ನೋಟಕ್ಕೆ ಕ್ಯಾಮೆರಾ ತಾನಾಗಿ ಚೀಲ ಸೇರಿತು. ಹಾಗಾಗಿ ಈ ಬರಹದ ಜೊತೆ ಗೂಡಿನ ಚಿತ್ರವಿಲ್ಲ.

ಎಂಟು ಗಂಟೆ. ನೋಟ್‌ಬುಕ್ಕಿನಲ್ಲಿ ತಾರೀಕು ಬರೆದು, ಎದುರಿಗೆ ಸೊನ್ನೆ ಸುತ್ತುತ್ತಾಳೆ. ಮರಿಗಳು ಹಾರಿಹೋಗಿರಬಹುದು, ರೆಕ್ಕೆ ಬಲಿಯುವಷ್ಟು ದಿನವಂತೂ ಆಗಿದೆ. ಹಾವು ನುಂಗಿರಲೂಬಹುದು. ಎರಡಕ್ಕೂ ಬರೆಯುವುದು ಅದೇ ಸೊನ್ನೆ. ಅಂಗಡಿಗೆ ಹೊತ್ತಾಯಿತು. ಪೊದೆಯ ಕಡೆ ತಿರುಗಿಯೂ ನೋಡದೆ ಹೊರಡುತ್ತಾಳೆ.

ಏನಾಗಿರಬಹುದು ಅನ್ನಿಸುತ್ತೆ ಎಂದು ಹಿಂದಿನಿಂದ ಕೇಳುತ್ತೇನೆ.

"ಗೊತ್ತಿಲ್ಲ ಸಾರ್." ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. "ಈ ಸಲ ನಾವ್ಯಾರೂ ಮುಟ್ಟಿಲ್ಲ. ಅಷ್ಟು ಬರ್ಕೊಳ್ಳಿ."